ಹಳೆಯ ಕಾಫಿ ಬಾಯ್ಲರ್ ಕೊಳ್ಳುವಾಗ ಮೊದಲು ವಿಚಾರಿಸಬೇಕಾದದ್ದು ನೀರನ್ನು

ಸಣ್ಣ ಹೋಟೆಲು ತೆರೆಯುವವರು ಸೆಕೆಂಡ್‌ಹ್ಯಾಂಡ್ ಕಾಫಿ ಯಂತ್ರ ನೋಡಲು ಹೋದಾಗ ಅದು ಎಷ್ಟು ವರ್ಷ ಹಳೆಯದು ಎಂದು ಮೊದಲು ಕೇಳುತ್ತಾರೆ. ಹೋಟೆಲುಗಳ ಅಡುಗೆಮನೆ ಉಪಕರಣಗಳನ್ನು ದುರಸ್ತಿ ಮಾಡುವ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಅದು ಇದ್ದ ಜಾಗದಲ್ಲಿ ಯಾವ ನೀರು ಬಳಸುತ್ತಿದ್ದರು ಎಂಬ ಪ್ರಶ್ನೆ. ಬೆಂಗಳೂರಿನಲ್ಲಿ ಕಾವೇರಿ ನೀರಿನಲ್ಲೇ ಎಂಟು ವರ್ಷ ದುಡಿದ ಬಾಯ್ಲರ್, ಗಡಸು ಬೋರ್‌ವೆಲ್ ನೀರಿನಲ್ಲಿ ಎರಡು ವರ್ಷ ದುಡಿದದ್ದಕ್ಕಿಂತ ಗಟ್ಟಿಯಾಗಿರಬಹುದು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500, ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿಯನ್ನು ಹೇಳಿ, ಬೇರೆ ಜಲಮೂಲ ಇಲ್ಲದಿದ್ದಲ್ಲಿ 600ರವರೆಗೂ ಒಪ್ಪುತ್ತದೆ. ಕುಡಿಯಲು ಅಡ್ಡಿಯಿಲ್ಲದ ಅಂಥ ನೀರೇ ಬಾಯ್ಲರಿನೊಳಗೆ ದಿನದಿನವೂ ಸುಣ್ಣದ ಪದರ ಕಟ್ಟುತ್ತದೆ. ಆ ಪದರ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲವಾದ್ದರಿಂದ ನೀರು ಕಾಯಿಸುವ ಎಲಿಮೆಂಟ್ ತನ್ನ ಶಾಖದಲ್ಲೇ ಬೆಂದು ಒಂದು ದಿನ ಸುಟ್ಟುಹೋಗುತ್ತದೆ.

ಯಂತ್ರ ನೋಡುವುದಕ್ಕೂ ಮೊದಲು ನೀವು ಮಾರುವ ಕಾಫಿ ಯಾವುದೆಂದು ನಿರ್ಧರಿಸಿಕೊಳ್ಳಿ. ಮುಚ್ಚಿದ ಕೆಫೆಯೊಂದರ ಎಸ್ಪ್ರೆಸೊ ಯಂತ್ರ ಅಗ್ಗವಾಗಿ ಸಿಕ್ಕಿತೆಂದು ತಂದು, ಅದರಲ್ಲಿ ಹಾಲಷ್ಟೇ ಕಾಯಿಸುತ್ತಿರುವ ಹೋಟೆಲುಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಫಿಲ್ಟರ್ ಕಾಫಿಯನ್ನೇ ಮಾರುವವರಿಗೆ ದೊಡ್ಡ ಸ್ಟೀಲ್ ಫಿಲ್ಟರ್, ಡಿಕಾಕ್ಷನ್ ಬಿಸಿಯಾಗಿಡುವ ಬಿಸಿನೀರಿನ ತೊಟ್ಟಿ ಮತ್ತು ಹಾಲಿಗೊಂದು ಸ್ಟೀಮ್ ಬಾಯ್ಲರ್ ಸಾಕು. ಫಿಲ್ಟರಿನ ಅಳತೆಯನ್ನು ಲೆಕ್ಕ ಹಾಕಿಯೇ ಆರಿಸಬೇಕು. ಕಾಫಿ ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಚರಟದಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ, ಅರ್ಧ ಕೆಜಿ ಪುಡಿಗೆ ಮೂರು ಲೀಟರ್ ನೀರು ಹಾಕಿದರೆ ಇಳಿಯುವುದು ಹೆಚ್ಚುಕಡಿಮೆ ಎರಡು ಲೀಟರ್. ಲೋಟಕ್ಕೆ 25 ಮಿಲಿಲೀಟರ್ ಡಿಕಾಕ್ಷನ್ ಎಂದಾದರೆ ಅದು 80 ಕಾಫಿಗೆ ಬರುತ್ತದೆ. ಬೆಳಗಿನ ನೂಕುನುಗ್ಗಲಿಗೆ ಎಷ್ಟು ಬೇಕೆಂಬುದನ್ನು ಇದರಿಂದಲೇ ಕಂಡುಕೊಳ್ಳಬಹುದು.

ಹಳೆಯ ಫಿಲ್ಟರ್ ಕೊಳ್ಳುವುದರಲ್ಲಿ ಅಪಾಯ ಕಡಿಮೆ. ಹಿತ್ತಾಳೆಯದಾದರೆ ಒಳಗಿನ ಕಲಾಯಿ ಹೋಗಿದೆಯೇ, ಜಾಲರಿಯ ತೂತುಗಳು ಹಿಗ್ಗಿವೆಯೇ, ನಲ್ಲಿ ಬಿಚ್ಚಿ ತೊಳೆಯುವಂತಿದೆಯೇ ಎಂದು ನೋಡಿದರೆ ಹೆಚ್ಚಿನ ಕೆಲಸ ಮುಗಿಯಿತು. ಸ್ಟೀಲಿನದಾದರೆ ಅಯಸ್ಕಾಂತ ಹಿಡಿದು ತೋರಿಸುವ ಮಾರಾಟಗಾರರ ಮಾತನ್ನು ಪೂರ್ತಿ ನಂಬಬೇಡಿ. 304 ದರ್ಜೆಯ ಸ್ಟೀಲಿಗೂ ಅಗ್ಗದ 202 ದರ್ಜೆಗೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಬೆಸುಗೆಯ ಗೆರೆಗಳ ಉದ್ದಕ್ಕೂ ಕಂದು ಚುಕ್ಕೆಗಳಿದ್ದರೆ ಅದೇ ಹೆಚ್ಚು ನಂಬಲರ್ಹವಾದ ಗುರುತು.

ಬಾಯ್ಲರಿನ ಪರೀಕ್ಷೆಗೆ ಮಾತ್ರ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಎಲಿಮೆಂಟ್ ಕಳಚಿಸಿ, ಟಾರ್ಚ್ ಹಿಡಿದು ಒಳಗೆ ನೋಡಿ. ಮಾರಾಟಕ್ಕೆ ಮುಂಚೆ ಆಮ್ಲ ಹಾಕಿ ಸುಣ್ಣ ತೆಗೆಸಿ ಫಳಫಳ ಹೊಳೆಯುವಂತೆ ಮಾಡಿರುವುದು ಉಂಟು. ಅಂಥದ್ದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು, ಏಕೆಂದರೆ ಎಷ್ಟೋ ಸಲ ಸಣ್ಣ ತೂತುಗಳನ್ನು ಮುಚ್ಚಿಕೊಂಡಿದ್ದದ್ದು ಆ ಸುಣ್ಣವೇ ಆಗಿರುತ್ತದೆ, ಅದು ಕರಗಿದ ಮೇಲೆ ಸೋರಿಕೆ ಶುರುವಾಗುತ್ತದೆ. ಹಿತ್ತಾಳೆಯ ಜೋಡಣೆಗಳು ಹಳದಿ ಕಳೆದುಕೊಂಡು ತಾಮ್ರದಂತೆ ಕೆಂಪಗಾಗಿದ್ದರೆ ಅದರಲ್ಲಿದ್ದ ಸತು ಕರಗಿಹೋಗಿ ಲೋಹ ಟೊಳ್ಳಾಗಿದೆ ಎಂದರ್ಥ, ಸ್ಪ್ಯಾನರ್ ಹಾಕಿದರೆ ಮುರಿಯುತ್ತದೆ.

ಎಲಿಮೆಂಟಿನ ಆರೋಗ್ಯವನ್ನು ಮಲ್ಟಿಮೀಟರ್ ಹೇಳುತ್ತದೆ. 230 ವೋಲ್ಟಿನ 3 ಕಿಲೋವ್ಯಾಟ್ ಎಲಿಮೆಂಟಿನ ರೋಧ 17ರಿಂದ 18 ಓಮ್ ಇರಬೇಕು. ಹಲವು ತಿಂಗಳು ಗೋದಾಮಿನಲ್ಲಿ ಬಿದ್ದಿದ್ದ ಎಲಿಮೆಂಟಿನೊಳಗಿನ, ವಿದ್ಯುತ್ ಹೊರಗೆ ಸೋರದಂತೆ ತಡೆಯುವ ಪುಡಿ ತೇವ ಹೀರಿಕೊಂಡಿರುವುದರಿಂದ ಆ ತಡೆಯನ್ನು ಅಳೆಯುವ ಮೆಗ್ಗರ್ ಎಂಬ ಉಪಕರಣ ಹಚ್ಚಿ ಇನ್ಸುಲೇಷನ್ ಪರೀಕ್ಷಿಸದೆ ವಿದ್ಯುತ್ ಕೊಡಬಾರದು. ನಿಮ್ಮ ಹೋಟೆಲಿನ ವೈರಿಂಗನ್ನೂ ಮರೆಯಬೇಡಿ. ಇದೇ ಎಲಿಮೆಂಟ್ 13 ಆಂಪಿಯರ್ ಎಳೆಯುತ್ತದೆ, ಗ್ರೈಂಡರಿನ ಜೊತೆ ಹಂಚಿಕೊಂಡ ಪಾಯಿಂಟಿನಲ್ಲಿ ಅದನ್ನು ನಡೆಸುವಂತಿಲ್ಲ.

ತಣ್ಣಗಿರುವಾಗ ಪ್ರೆಷರ್ ಗೇಜಿನ ಮುಳ್ಳು ಸೊನ್ನೆಯಲ್ಲಿರಬೇಕು. ನಂತರ ಯಂತ್ರ ಕಾಯಿಸಿ, 1 ಬಾರ್ ಆಸುಪಾಸಿಗೆ ಬಂದಾಗ, ಒಂದರ ಹಿಂದೆ ಒಂದರಂತೆ ನಾಲ್ಕಾರು ಜಗ್ ಹಾಲು ಕಾಯಿಸಿ ಮುಳ್ಳು ಎಷ್ಟು ಇಳಿಯುತ್ತದೆ, ಎಷ್ಟು ಬೇಗ ಮೇಲೇರುತ್ತದೆ ಎಂದು ಗಮನಿಸಿ. ಒಂದೇ ಜಗ್ ಕಾಯಿಸಿ ತೋರಿಸಿದರೆ ಯಾವ ಬಾಯ್ಲರೂ ಚೆನ್ನಾಗಿಯೇ ಕಾಣುತ್ತದೆ. 1 ಬಾರ್ ಒತ್ತಡದ ಹಬೆಯ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್, ಅದರ ಮುಂದೆ ನಿಂತು ದುಡಿಯುವವನು ನಿಮ್ಮ ಹೋಟೆಲಿನ ಹುಡುಗ. ಆದ್ದರಿಂದ ಹಳೆಯ ಸೇಫ್ಟಿ ವಾಲ್ವ್ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ತೆಗೆದುಹಾಕಿ ಹೊಸದನ್ನು ಹಾಕಿಸಬೇಕೆಂಬುದರಲ್ಲಿ ನಾನು ರಾಜಿಯಾಗುವುದಿಲ್ಲ.

ಎಸ್ಪ್ರೆಸೊ ಯಂತ್ರವೇ ಬೇಕೆನ್ನುವವರು ಬಿಡಿಭಾಗಗಳನ್ನು ಮೊದಲು ವಿಚಾರಿಸಲಿ. ಇಟಲಿಯ ಫೇಮಾ ಕಂಪನಿ 1961ರಲ್ಲಿ ತಂದ ಇ61 ಮಾದರಿಯ ಗ್ರೂಪ್ ಹೆಡ್ಡನ್ನು (ಕಾಫಿ ಪುಡಿಯ ಮೂಲಕ ಬಿಸಿನೀರು ಹಾಯಿಸುವ ಭಾಗ) ಇಂದಿಗೂ ಹಲವು ತಯಾರಕರು ಬಳಸುವುದರಿಂದ ಅದರ ಗ್ಯಾಸ್ಕೆಟ್, ಜಾಲರಿಗಳು ಸುಲಭವಾಗಿ ಸಿಗುತ್ತವೆ. ಎಲೆಕ್ಟ್ರಾನಿಕ್ ಬೋರ್ಡು ತುಂಬಿದ, ತಯಾರಿಕೆ ನಿಂತುಹೋದ ಯಂತ್ರಕ್ಕೆ ಆ ಅನುಕೂಲವಿಲ್ಲ. ನನ್ನ ಲೆಕ್ಕದಲ್ಲಿ ಯಂತ್ರದ ಬೆಲೆ, ಬದಲಿಸಬೇಕಾದ ಭಾಗಗಳು, ಸಾಗಣೆ ಮತ್ತು ಜೋಡಣೆ ಎಲ್ಲ ಸೇರಿ ಹೊಸದರ ಅರ್ಧ ಬೆಲೆ ದಾಟಿದರೆ ಹೊಸದನ್ನೇ ನೋಡುವುದು ಲೇಸು.

ಕೊಂಡ ಯಂತ್ರಕ್ಕೆ ಮೊದಲ ದಿನವೇ ನೀರಿನ ಗಡಸುತನ ಇಳಿಸುವ ಸಾಫ್ಟ್‌ನರ್ ಹಾಕಿಸಿ. ಸುಣ್ಣದ ಭಯಕ್ಕೆ ಕೆಲವರು ಬರೀ ಆರ್‌ಒ ನೀರನ್ನು ಬಿಡುತ್ತಾರೆ. ಲವಣಾಂಶ ತೀರಾ ಕಡಿಮೆಯಾದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲವಾದ್ದರಿಂದ ಬಾಯ್ಲರಿನ ಮಟ್ಟ ಅಳೆಯುವ ಕಡ್ಡಿಗೆ ನೀರು ತುಂಬಿದ್ದೇ ತಿಳಿಯದೆ, ಪಂಪು ನೀರು ತುಂಬಿಸುತ್ತಲೇ ಹೋಗಿ ಸ್ಟೀಮ್ ನಲ್ಲಿಯಲ್ಲಿ ಹಬೆಯ ಬದಲು ನೀರು ಬರತೊಡಗುತ್ತದೆ. ಹಾಗಾಗುವಲ್ಲಿ ಆರ್‌ಒ ನೀರಿಗೆ ಸ್ವಲ್ಪ ಸೋಸಿದ ಸಾಧಾರಣ ನೀರನ್ನು ಬೆರೆಸುವ ವಾಲ್ವ್ ಹಾಕಿಸಿಕೊಳ್ಳಬೇಕು.