ಅಳತೆಯ ಜೊತೆಗೆ ಕಳಿಸಬೇಕಾದ ಅಳತೆಗಳು

ಚಳ್ಳಕೆರೆ ಕಡೆಯ ಶೇಂಗಾ ಹೊಲವೊಂದರ ಬದುವಿನ ಮೇಲೆ ಟ್ರೈಪಾಡ್ ನಿಲ್ಲಿಸಿ ಉಪಗ್ರಹಗಳ ಸಂಕೇತ ಹಿಡಿದು ಸ್ಥಾನ ತಿಳಿಸುವ ಜಿಎನ್‌ಎಸ್‌ಎಸ್ ರಿಸೀವರ್‌ನಿಂದ ಗಡಿಕಲ್ಲಿನ ಸ್ಥಾನ ಗುರುತಿಸುತ್ತಿದ್ದಾಗ ಹೊಲದ ಯಜಮಾನರು ಕೇಳಿದರು: "ನಮ್ಮ ಹೊಲಾನ ಅದು ಅಳಿತೈತೆ, ಅದ್ನ ಯಾರು ಅಳಿತಾರೆ ಸಾರ್?" ಅಂದು ಅವರಿಗೆ ನಾನು ಹೇಳಿದ್ದು ಅರ್ಧ ಉತ್ತರ ಮಾತ್ರ. ಪೂರ್ತಿ ಉತ್ತರ ಶುರುವಾಗುವುದು ಉಪಗ್ರಹಗಳಿಂದ: ಅವು ಎಲ್ಲಿವೆ ಎಂಬುದು ಗೊತ್ತಿದ್ದರೆ ಮಾತ್ರ ರಿಸೀವರ್ ತನ್ನ ಸ್ಥಾನವನ್ನು ಲೆಕ್ಕ ಹಾಕಬಲ್ಲದು.

ಉಪಗ್ರಹಗಳ ಪಥವನ್ನು ಹೆಚ್ಚಾಗಿ ರೇಡಿಯೊ ಸಂಕೇತಗಳಿಂದಲೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನು ಸ್ವತಂತ್ರವಾಗಿ ಪರೀಕ್ಷಿಸಲು ಲೇಸರ್ ಇದೆ. ಸ್ಥಾನ ತಿಳಿಸುವ ನಮ್ಮ ದೇಶದ ನಾವಿಕ್ ಉಪಗ್ರಹಗಳಲ್ಲಿಯೂ ಬಂದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಪ್ರಿಸ್ಮ್‌ಗಳಿವೆ. ನೆಲದ ಕೇಂದ್ರವು ಅತಿ ಕಿರಿದಾದ ಲೇಸರ್ ಮಿಡಿತವನ್ನು ಕಳಿಸಿ, ಅದು ಹೋಗಿ ಬರುವ ಸಮಯವನ್ನು ಅಳೆಯುತ್ತದೆ. ಇಂಥ ಲೇಸರ್ ಅಳತೆಗೆಂದೇ 1976ರಲ್ಲಿ ಹಾರಿದ ಲೇಜಿಯಾಸ್ ಉಪಗ್ರಹವು 426 ಪ್ರಿಸ್ಮ್‌ಗಳನ್ನು ಹೊತ್ತ, 60 ಸೆಂ.ಮೀ. ವ್ಯಾಸದ ಗೋಳ. ಸುಮಾರು 5,900 ಕಿ.ಮೀ. ಎತ್ತರದಲ್ಲಿರುವ ಅದು ನೆತ್ತಿಯ ಮೇಲಿದ್ದಾಗ ಬೆಳಕು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 40 ಭಾಗದಷ್ಟು ಸಮಯದಲ್ಲಿ ಮರಳುತ್ತದೆ. ಭೂಮಿಯ ದ್ರವ್ಯರಾಶಿಯ ಕೇಂದ್ರ ಎಲ್ಲಿದೆ ಎಂಬುದು ಗೊತ್ತಾಗುವುದು ಮುಖ್ಯವಾಗಿ ಇಂಥ ಅಳತೆಗಳಿಂದಲೇ. ಭೂಮಿಯ ಮೇಲಿನ ಸ್ಥಾನಗಳನ್ನು ಹೇಳಲು ಆಧಾರವಾದ ಐಟಿಆರ್‌ಎಫ್ 2020 ಎಂಬ ಅಂತರರಾಷ್ಟ್ರೀಯ ಚೌಕಟ್ಟಿನ ಮೂಲಬಿಂದುವನ್ನು ನಿಗದಿಪಡಿಸಿರುವುದು ಇವುಗಳ ಆಧಾರದ ಮೇಲೆ.

ಆದರೆ ಒಂದು ಕೇಂದ್ರದ ಸಂಖ್ಯೆಯನ್ನು ಇನ್ನೊಂದು ದೇಶದವರು ನಂಬಿ ಬಳಸಬೇಕಾದರೆ ದೂರವೊಂದನ್ನೇ ಕಳಿಸಿದರೆ ಸಾಲದು. ಬೆಳಕು ಗಾಳಿಯಲ್ಲಿ ನಿಧಾನವಾಗುವುದರಿಂದ ಆ ಕ್ಷಣದ ವಾಯುಭಾರ, ಉಷ್ಣತೆ, ತೇವಾಂಶ ಬೇಕು. ವಾಯುಭಾರದಲ್ಲಿ ಒಂದೇ ಮಿಲಿಬಾರ್ ತಪ್ಪಿದರೂ ನೆತ್ತಿಯ ಮೇಲಿನ ದೂರ ಎರಡು ಮಿ.ಮೀ.ಗೂ ಹೆಚ್ಚು ತಪ್ಪುತ್ತದೆ, ಉಪಗ್ರಹ ದಿಗಂತದತ್ತ ಇಳಿದಷ್ಟೂ ಆ ತಪ್ಪು ಬೆಳೆಯುತ್ತದೆ. ಉಪಕರಣದ ಒಳಗೇ ಆಗುವ ವಿಳಂಬವನ್ನು ತಿಳಿಯಲು ನೆಲದ ಮೇಲೆ ದೂರ ಗೊತ್ತಿರುವ ಗುರಿಯೊಂದಕ್ಕೆ ಲೇಸರ್ ಹಾಯಿಸಿ ನೋಡಿದ ಫಲಿತಾಂಶವೂ ಬೇಕು.

ಇದರ ಬೆಲೆ ನನಗೆ ಅರಿವಾದದ್ದು ದಾವಣಗೆರೆ ಬಳಿಯ ಭದ್ರಾ ನಾಲೆಯ ದಂಡೆಯ ಮೇಲೆ. ಆಂಟೆನಾದ ಎತ್ತರವನ್ನು ಟೇಪಿನಲ್ಲಿ ಓರೆಯಾಗಿ ಅಳೆದಿದ್ದೆ, ಓರೆ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಕಚೇರಿಯಲ್ಲಿ ಅದನ್ನು ನೇರ ಎತ್ತರವೆಂದೇ ಲೆಕ್ಕಕ್ಕೆ ಹಿಡಿದರು. ನೀರಿನ ಇಳಿಜಾರು ನೋಡುವ ಕೆಲಸದಲ್ಲಿ ಒಂದು ಸೆಂಟಿಮೀಟರೂ ದೊಡ್ಡದು. ಎರಡು ದಿನದ ಅಳತೆಯನ್ನು ಮತ್ತೆ ಮಾಡಬೇಕಾಯಿತು.

1998ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಲೇಸರ್ ದೂರಮಾಪನ ಸೇವೆಯ ಕೇಂದ್ರಗಳು ಈ ಎಲ್ಲ ವಿವರಗಳನ್ನೂ ಒಂದೇ ನಮೂನೆಯ ಕಡತದಲ್ಲಿ ತುಂಬಿ ಕಳಿಸುತ್ತವೆ. ಲೇಜಿಯಾಸ್‌ನಿಂದ ಮರಳಿದ ಮಿಡಿತಗಳನ್ನು ಎರಡೆರಡು ನಿಮಿಷಕ್ಕೆ ಒಂದೊಂದು ಬಿಂದುವಾಗಿ ಒಗ್ಗೂಡಿಸುತ್ತಾರೆ. ಅವು ಅಮೆರಿಕದ ಗೊಡಾರ್ಡ್ ಮತ್ತು ಜರ್ಮನಿಯ ಮ್ಯೂನಿಕ್‌ನ ದತ್ತಾಂಶ ಕೇಂದ್ರಗಳನ್ನು ಸೇರಿ, ಎಲ್ಲರಿಗೂ ಸಿಗುತ್ತವೆ. ನಾಳೆ ದೂರದರ್ಶಕವನ್ನು ಎತ್ತ ತಿರುಗಿಸಬೇಕೆಂಬ ಮುನ್ಸೂಚನೆಯೂ ಇಂಥ ಹಂಚಿಕೆಯಿಂದಲೇ ಹುಟ್ಟುವುದರಿಂದ, ಕೊಡುವ ಕೇಂದ್ರವೇ ಪಡೆಯುವ ಕೇಂದ್ರವೂ ಹೌದು. ದಕ್ಷಿಣಾರ್ಧಗೋಳದಲ್ಲಿ ಕೇಂದ್ರಗಳು ಕಡಿಮೆ. ಹೀಗಾಗಿ ಆಸ್ಟ್ರೇಲಿಯಾದ ಯಾರಗಡೀ ಕೇಂದ್ರದ ಮೇಲೆ ಮೋಡ ಕವಿದ ರಾತ್ರಿಯ ಕೊರತೆಯನ್ನು ಯುರೋಪಿನ ಎಷ್ಟು ಕೇಂದ್ರಗಳು ಸೇರಿದರೂ ತುಂಬಲಾರವು; ಹೊಸ ಕೇಂದ್ರಗಳು ದಕ್ಷಿಣದಲ್ಲೇ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಗಾಳಿಯ ವಿಳಂಬಕ್ಕೆ ಮೊದಲು ಬಳಸುತ್ತಿದ್ದುದು 1973ರ ಸೂತ್ರ. 2004ರಲ್ಲಿ ಅದಕ್ಕಿಂತ ನಿಖರವಾದದ್ದು ಪ್ರಕಟವಾಯಿತು. ಹಳೆಯ ಅಳತೆಗಳನ್ನೂ ಹೊಸ ಸೂತ್ರದಲ್ಲಿ ಮತ್ತೆ ಲೆಕ್ಕ ಮಾಡಲು ಸಾಧ್ಯವಾದದ್ದು, ಅಂದು ಆ ರಾತ್ರಿಗಳಲ್ಲಿ ಯಾರೋ ವಾಯುಭಾರವನ್ನೂ ದೂರದ ಪಕ್ಕದಲ್ಲೇ ದಾಖಲಿಸಿಟ್ಟಿದ್ದರಿಂದ.