ಹಿರಿಯರ ಶುಶ್ರೂಷೆಯ ಮೊದಲ ಪಾಠ ಜಗುಲಿಯಲ್ಲಿ

ಮುಂದೆ ಯಾವ ವಿಭಾಗ ಎಂದು ನರ್ಸಿಂಗ್ ವಿದ್ಯಾರ್ಥಿಗಳನ್ನು ಕೇಳಿದರೆ ಐಸಿಯು, ಆಪರೇಷನ್ ಥಿಯೇಟರ್, ಮಕ್ಕಳ ವಾರ್ಡು ಎನ್ನುವವರೇ ಹೆಚ್ಚು. ವಯಸ್ಸಾದವರ ಆರೈಕೆ ಎಂದರೆ ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು ಅಷ್ಟೇ ಎಂಬ ಭಾವನೆಯಿದೆ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿ ಮೀರಿದ್ದರು. ಮಕ್ಕಳ, ಹೆರಿಗೆ ವಾರ್ಡು ಬಿಟ್ಟರೆ ಯಾವ ವಾರ್ಡಿಗೆ ಹೋದರೂ ನೋಡಿಕೊಳ್ಳಬೇಕಾದವರಲ್ಲಿ ಅವರು ಇದ್ದೇ ಇರುತ್ತಾರೆ.

ಮೊದಲ ಪೋಸ್ಟಿಂಗಿನಲ್ಲೇ ಹಾಸಿಗೆ ಹಿಡಿದವರನ್ನು ಮಾತ್ರ ಕಂಡರೆ ಆಸಕ್ತಿ ಹುಟ್ಟುವುದು ಕಷ್ಟ. ಓಡಾಡಿಕೊಂಡಿರುವ ಹಿರಿಯರ ಮನೆಗೆ ಮೊದಲು ಕಳಿಸಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಮಕ್ಕಳು ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಇಬ್ಬರೇ ಉಳಿದ ಅಜ್ಜ ಅಜ್ಜಿಯರಿದ್ದಾರೆ.

‘ಎದ್ದ ಕೂಡ್ಲೇ ಕಣ್ಣು ಕತ್ತಲೆ ಬರ್ತದೆ ಮಗಾ’ ಎನ್ನುವ ಅಜ್ಜಿಯನ್ನು ಜಗುಲಿಯಲ್ಲೇ 5 ನಿಮಿಷ ಅಂಗಾತ ಮಲಗಿಸಿ ಬಿಪಿ ನೋಡಿ. ನಿಲ್ಲಿಸಿ 1ನೇ ನಿಮಿಷಕ್ಕೊಮ್ಮೆ, 3ನೇ ನಿಮಿಷಕ್ಕೊಮ್ಮೆ ಮತ್ತೆ ನೋಡಿ. ಬಿಪಿ ಯಂತ್ರದ ಪಟ್ಟಿ ಕಟ್ಟಿದ ತೋಳು ಎದೆಮಟ್ಟದಲ್ಲಿರಲಿ, ಬಿದ್ದರೆ ಹಿಡಿಯಲು ಇನ್ನೊಬ್ಬರು ಪಕ್ಕದಲ್ಲಿರಲಿ. ಮಲಗಿದ್ದಾಗಿನದಕ್ಕಿಂತ ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ತಲೆಸುತ್ತಿನ ಮೂಲ ಸಿಕ್ಕಂತೆ. ಕೂರಿಸಿ ಒಂದೇ ಸಲ ನೋಡಿದರೆ ಇದು ತಪ್ಪಿಹೋಗುತ್ತದೆ. ಆಮೇಲೆ ಶುರುವಾಗುವುದು ನಿಜವಾದ ಪತ್ತೆದಾರಿಕೆ. ಎದ್ದಾಗ ಬಿಪಿ ಇಳಿಸುವಂಥವು ಇವೆಯೇ ಎಂದು ಮಾತ್ರೆಗಳನ್ನೆಲ್ಲ ಚಾಪೆಯ ಮೇಲೆ ಸುರಿಸಿ ನೋಡಬೇಕು: ಬಿಪಿಯದು, ಮೂತ್ರ ಹೆಚ್ಚಿಸುವುದು, ಅಜ್ಜನಾದರೆ ಪ್ರಾಸ್ಟೇಟಿನದು. ಮಳೆಗಾಲದ ರಾತ್ರಿ ಎದ್ದು ಹೊರಗೆ ಹೋಗಬೇಕಲ್ಲ ಎಂದು ಸಂಜೆಯಿಂದ ನೀರನ್ನೇ ಮುಟ್ಟದವರೂ ಇರುತ್ತಾರೆ, ಅದರಿಂದಲೂ ಬಿಪಿ ಇಳಿಯುತ್ತದೆ. ಮಾತ್ರೆ ನಿಲ್ಲಿಸುವುದು ವೈದ್ಯರ ಕೆಲಸ. ಅಂಕಿಗಳನ್ನು ಬರೆದು ಅವರಿಗೆ ತಲುಪಿಸುವುದು, ಪಾಚಿ ಕಟ್ಟಿದ ಮೆಟ್ಟಿಲು ಉಜ್ಜಿಸುವುದು ನರ್ಸ್ ಕೆಲಸ.

ನಿನ್ನೆವರೆಗೆ ಸರಿಯಿದ್ದವರು ಇವತ್ತು ಏನೇನೋ ಮಾತಾಡಿದರೆ ಅರಳುಮರಳು ಎಂದು ಬಿಡಬಾರದು. ಮೂತ್ರದ ಸೋಂಕು, ನ್ಯುಮೋನಿಯಾ ಇದಕ್ಕೆ ಕಾರಣವಿರಬಹುದು, ಇದ್ದರೂ ಈ ವಯಸ್ಸಿನಲ್ಲಿ ಜ್ವರ ಏರದಿರಬಹುದು. ಗಮನ ನಿಲ್ಲುತ್ತದೆಯೇ ಎಂದು ತಿಳಿಯಲು ವಾರದ ಹೆಸರುಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ. ಎಂದಿನಿಂದ ಹೀಗೆ ಎಂದು ಮನೆಯವರನ್ನು ಕೇಳಿ. ಮಂಕಾಗಿ ಸುಮ್ಮನೆ ಮಲಗಿದವರ ಬಗ್ಗೆ ಇನ್ನೂ ಎಚ್ಚರ ಬೇಕು. ತೊಂದರೆ ಕೊಡುವುದಿಲ್ಲವೆಂದೇ ಅವರು ಕಣ್ಣಿಗೆ ಬೀಳುವುದಿಲ್ಲ.

ಇಷ್ಟು ಕಲಿತು ಶಿವಮೊಗ್ಗದ ಮೆಗ್ಗಾನ್‌ನಂಥ ಆಸ್ಪತ್ರೆಯ ವಾರ್ಡಿಗೆ ಬಂದವರಿಗೆ ಮಗ್ಗುಲು ಬದಲಿಸುವುದೂ ಬರೀ ಚಾಕರಿಯಾಗಿ ಕಾಣದು. ಬೆನ್ನಿನ ಬುಡ, ಹಿಮ್ಮಡಿ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಳ್ಳದಿದ್ದರೆ ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣು ಶುರುವಾಗಿದೆ. ಅಲ್ಲಿ ತಿಕ್ಕಬಾರದು, ಭಾರ ಬೀಳದಂತೆ ಮಲಗಿಸಬೇಕು. ಕಪ್ಪು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಅಲ್ಲಿ ಬಿಸಿ, ಗಡಸು, ನೋವು ಇದೆಯೇ ಎಂದು ಕೈಯಿಂದಲೇ ತಿಳಿಯಬೇಕು.