ಬಿನ್ನವತ್ತಳೆಗೆ ಮೊದಲು ಬರೆಯಬೇಕಾದದ್ದು

ಫೆಬ್ರುವರಿ ಬಂತೆಂದರೆ ನನ್ನ ಕಚೇರಿಗೆ ದಾವೆಯ ಕಾಗದಗಳ ಜೊತೆಗೆ ಇನ್ನೊಂದು ಬಗೆಯ ಕಡತಗಳೂ ಬರತೊಡಗುತ್ತವೆ. ಮಾರ್ಚ್ 8ರ ಮಹಿಳಾ ದಿನಾಚರಣೆಗೆ ಸನ್ಮಾನಿತರನ್ನು ಆರಿಸಿಕೊಡಿ ಎಂದು ಸಂಘಗಳವರು ಬರುತ್ತಾರೆ. ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿಗೋ ಮತ್ತೊಂದಕ್ಕೋ ಅರ್ಜಿ ಬರೆದುಕೊಡಿ ಎಂದು ಅಭಿಮಾನಿಗಳು ಬರುತ್ತಾರೆ. ದಾವಣಗೆರೆಯಲ್ಲಿ ನಾನು ವಕೀಲಿ ವೃತ್ತಿ ಆರಂಭಿಸಿ ಇಪ್ಪತ್ತು ವರ್ಷ ಮೀರಿದೆ. 1997ರಲ್ಲಿ ಜಿಲ್ಲೆ ಚಿತ್ರದುರ್ಗದಿಂದ ಬೇರೆಯಾಗಿದ್ದರೂ ನನ್ನ ಕಕ್ಷಿದಾರರಲ್ಲಿ ಎರಡೂ ಕಡೆಯವರಿದ್ದಾರೆ, ಹಾಗಾಗಿ ಈ ಕಡತಗಳೂ ಎರಡೂ ಕಡೆಯಿಂದ ಬರುತ್ತವೆ. ಅವುಗಳಲ್ಲಿ ಬಹುಪಾಲಿನಲ್ಲಿ ನಾನು ಕಾಣುವುದು ಒಂದೇ ತಪ್ಪು, ಅದೂ ವರ್ಷ ವರ್ಷವೂ.

ಲಿಂಗ ಸಮಾನತೆಗಾಗಿ ದುಡಿದವರನ್ನು ಗುರುತಿಸಬೇಕು ಎಂದು ತಲೆಬರಹ ಕೊಟ್ಟು, ಅದರ ಕೆಳಗೆ ಒಬ್ಬ ಹೆಣ್ಣುಮಗಳು ಕಷ್ಟಪಟ್ಟು ಓದಿ, ಕೆಲಸ ಹಿಡಿದು, ಮೇಲೆ ಬಂದ ಕಥೆಯನ್ನು ಬರೆಯುತ್ತಾರೆ. ಆ ಕಥೆ ದೊಡ್ಡದೇ. ಅದಕ್ಕೆ ಗೌರವ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಮುಂದೆ ಬಂದವರು ಬೇರೆ, ತನ್ನ ಊರಿನಲ್ಲಿ ಹೆಣ್ಣು ಗಂಡುಗಳ ನಡುವಿನ ಅಂತರವನ್ನು ಕಡಿಮೆ ಮಾಡಿದವರು ಬೇರೆ. ಒಬ್ಬರೇ ಎರಡನ್ನೂ ಮಾಡಿರಬಹುದು, ಆಗಲೂ ಅರ್ಜಿಯಲ್ಲಿ ಬರೆಯಬೇಕಾದದ್ದು ಎರಡನೆಯದನ್ನು. ಊರಿನ ಮೊದಲ ಮಹಿಳಾ ವೈದ್ಯೆ ಎಂದು ಬರೆದರೆ ಅದು ಆಕೆಯ ಸಾಧನೆಯಾಯಿತು. ಆಕೆಯ ಆಸ್ಪತ್ರೆಗೆ ಗಂಡನ ಒಪ್ಪಿಗೆ ಕೇಳದೆ ಹೆಂಗಸರು ತಾವಾಗಿ ಬರುವಂತಾಯಿತು ಎಂದಾದರೆ ಅದು ಸಮಾನತೆಯ ಕೆಲಸವಾಯಿತು. ಗ್ರಾಮ ಪಂಚಾಯಿತಿ ಅಧ್ಯಕ್ಷೆ ಎಂಬ ಹುದ್ದೆಯೊಂದೇ ಏನನ್ನೂ ಹೇಳುವುದಿಲ್ಲ, ಏಕೆಂದರೆ 1993ರ ಪಂಚಾಯತ್ ರಾಜ್ ಕಾಯ್ದೆ ಮೂರನೇ ಒಂದು ಭಾಗವನ್ನೂ 2010ರ ತಿದ್ದುಪಡಿ ಅರ್ಧವನ್ನೂ ಮಹಿಳೆಯರಿಗೆ ಮೀಸಲಿಟ್ಟಿವೆ, ಕುರ್ಚಿ ಕೊಟ್ಟದ್ದು ಕಾನೂನು. ಆಕೆ ಮಹಿಳಾ ಗ್ರಾಮಸಭೆಯನ್ನು ಕಾಗದದ ಮೇಲಷ್ಟೇ ಅಲ್ಲದೆ ನಿಜವಾಗಿ ಕೂಡಿಸಿ, ಅಲ್ಲಿ ಎದ್ದ ಬೇಡಿಕೆಯನ್ನು ಕ್ರಿಯಾಯೋಜನೆಗೆ ಸೇರಿಸಿದ್ದರೆ, ಬರೆಯಬೇಕಾದದ್ದು ಅದನ್ನು.

ಇಷ್ಟು ಹೇಳಿದ ಮೇಲೂ ಮರುದಿನ ಅದೇ ಕಡತ, ಇನ್ನೂ ಮೂರು ವಿಶೇಷಣಗಳನ್ನು ಹೊತ್ತು ಬರುತ್ತದೆ: ತ್ಯಾಗಮಯಿ, ಸಹನಾಮೂರ್ತಿ, ಸಂಸಾರದ ಕಣ್ಣು. ಈ ಪದಗಳನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಸಹಿಸಿಕೊಂಡದ್ದಕ್ಕೆ ಹಾರ ಹಾಕಿದರೆ, ಸಹಿಸುವುದಿಲ್ಲ ಎಂದು ಎದ್ದು ನಿಂತವಳಿಗೆ ನಾವು ಏನು ಹೇಳಿದಂತಾಯಿತು?

ಬಂದವರಿಗೆ ನಾನು ಓಬವ್ವನ ಉದಾಹರಣೆ ಕೊಡುತ್ತೇನೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿಯನ್ನು ಆಚರಿಸುತ್ತಿದೆ, ಚಿತ್ರದುರ್ಗದ ಕ್ರೀಡಾಂಗಣಕ್ಕೆ ಆಕೆಯ ಹೆಸರಿದೆ. ಆದರೆ ಅದೆಲ್ಲ ಬರುವುದಕ್ಕಿಂತ ಬಹಳ ಮೊದಲೇ ಜನ ಆಕೆಯನ್ನು ನೆನಪಿಟ್ಟುಕೊಂಡದ್ದು ಹೇಗೆ? ಕಾವಲಿನ ಗಂಡ ಊಟಕ್ಕೆ ಕುಳಿತಿದ್ದ, ನೀರಿಗೆ ಹೋದವಳಿಗೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಸುಳಿವು ಸಿಕ್ಕಿತು, ಕೈಗೆ ಸಿಕ್ಕಿದ ಒನಕೆ ಹಿಡಿದು ತಲೆ ತೂರಿಸಿದವರನ್ನು ಒಬ್ಬೊಬ್ಬರಾಗಿ ಕೆಡವಿ ಪಕ್ಕಕ್ಕೆ ಎಳೆದಳು. ಇಷ್ಟೇ ಕಥೆ, ಅದರಲ್ಲಿ ಒಂದೂ ಗುಣವಾಚಕವಿಲ್ಲ. ಎಲ್ಲಿ, ಯಾವಾಗ, ಯಾವುದರಿಂದ, ಏನು ಮಾಡಿದಳು ಎಂಬುದಷ್ಟೇ ಇದೆ; ಕೋಟೆಗೆ ಹೋದವರು ಇಂದಿಗೂ ಆ ಕಿಂಡಿಯನ್ನು ಬಗ್ಗಿ ನೋಡುತ್ತಾರೆ. ಅರ್ಜಿಯನ್ನೂ ಹೀಗೆಯೇ ಬರೆಯಬೇಕು. ಪದ್ಮ ಪ್ರಶಸ್ತಿಗೆ ಯಾವ ನಾಗರಿಕರು ಬೇಕಾದರೂ ಹೆಸರು ಸೂಚಿಸಬಹುದು, ಆದರೆ ಅಲ್ಲಿ ಕೆಲಸವನ್ನು ವಿವರಿಸಲು ಸಿಗುವುದು ಗರಿಷ್ಠ 800 ಪದ. ಅದರಲ್ಲಿ ಮುನ್ನೂರನ್ನು ಹೊಗಳಿಕೆಗೆ ಕೊಟ್ಟರೆ ಕೆಲಸಕ್ಕೆ ಉಳಿಯುವುದೆಷ್ಟು?

ಕಡತ ತರುವವರ ಕಣ್ಣಿಗೆ ಎಂದೂ ಬೀಳದ ಒಬ್ಬರ ಬಗ್ಗೆ ಹೇಳುತ್ತೇನೆ. ಅವರು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂರುವ ವಯಸ್ಸಾದ ಪತ್ರ ಬರಹಗಾರರು. ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಂಡು ಹೋಗುವುದು ನಮ್ಮಲ್ಲಿ ದಿನನಿತ್ಯದ ನೋಟ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ 1994ರ ನಮ್ಮ ರಾಜ್ಯದ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಇಷ್ಟೆಲ್ಲ ಆದ ಮೇಲೂ ಹಕ್ಕು ಕೈ ಬಿಟ್ಟು ಹೋಗುವುದು ಈ ಒಂದು ಸಹಿಯಲ್ಲಿ. ಸ್ವಇಚ್ಛೆಯಿಂದ ಬಿಟ್ಟುಕೊಡಲು ಕಾನೂನಿನ ಅಡ್ಡಿಯಿಲ್ಲ, ಎಷ್ಟೋ ಹೆಣ್ಣುಮಕ್ಕಳು ಪ್ರೀತಿಯಿಂದಲೇ ಬಿಟ್ಟುಕೊಡುತ್ತಾರೆ ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಏನನ್ನು ಬಿಡುತ್ತಿದ್ದೇನೆ ಎಂದು ತಿಳಿಯದೆ ಬಿಟ್ಟರೆ ಅದು ಇಚ್ಛೆ ಹೇಗಾದೀತು?

ಈ ಹಿರಿಯರು ಪತ್ರ ಸಿದ್ಧವಾದ ಮೇಲೆ ಅಣ್ಣತಮ್ಮಂದಿರನ್ನು ಚಹಾಕ್ಕೆ ಕಳುಹಿಸಿ, ಹೆಣ್ಣುಮಗಳನ್ನು ಎದುರಿಗೆ ಕೂರಿಸಿಕೊಂಡು ಸಾಲು ಸಾಲಾಗಿ ಓದಿ ಹೇಳುತ್ತಾರೆ. "ನೋಡವ್ವ, ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ಇನ್ನು ಮುಂದೆ ಆ ಹೊಲದಲ್ಲಿ ನಿನಗೆ ಪಾಲಿಲ್ಲ. ಇವತ್ತೇ ಒತ್ತಬೇಕಂತ ಏನೂ ಇಲ್ಲ, ಬೇಕಾದರೆ ಮನೆಗೆ ಹೋಗಿ ಯೋಚನೆ ಮಾಡಿ ಬಾ" ಎಂದು ಅವರು ಹೇಳುವುದನ್ನು ನಾನೇ ನಿಂತು ಕೇಳಿದ್ದೇನೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹೆಚ್ಚಿನವರು ಆಮೇಲೂ ಹೆಬ್ಬೆಟ್ಟು ಒತ್ತುತ್ತಾರೆ, ಆದರೆ ಕೆಲವರು ಎದ್ದು ಹೋಗುತ್ತಾರೆ. ಇದರಿಂದ ಅವರ ಬಳಿಗೆ ಬರುವ ಗಿರಾಕಿಗಳು ಕಡಿಮೆಯಾಗಿದ್ದಾರೆ. ಮಹಿಳಾ ದಿನದ ಸನ್ಮಾನಕ್ಕೆ ಅವರ ಹೆಸರನ್ನು ಸೂಚಿಸಿದಾಗ ಸಮಿತಿಯವರು, "ಮೇಡಂ, ಗಂಡಸರಿಗೆ ಹೇಗೆ ಕೊಡೋದು?" ಎಂದು ಕೇಳಿದರು. ನಿಯಮಾವಳಿಯಲ್ಲಿ ಮಹಿಳೆಯರಿಗೆ ಮಾತ್ರ ಎಂದಿದ್ದರೆ ಅದನ್ನು ಪಾಲಿಸಲೇಬೇಕು. ಹಾಗೆ ಇಲ್ಲದ ಕಡೆ ನಾವಾಗಿ ಬೇಲಿ ಹಾಕಿಕೊಳ್ಳುವುದೇಕೆ? 2021ರ ಪದ್ಮಶ್ರೀ ಪಟ್ಟಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿ ಅವರ ಹೆಸರು ಬಂದಾಗ ಸಂಭ್ರಮಿಸಿದ ನಾವು, ನಮ್ಮೂರಿನ ಪಟ್ಟಿಯಲ್ಲಿ ಒಬ್ಬ ಜೋಗತಿಯ ಹೆಸರನ್ನು ಸೂಚಿಸಲು ಇನ್ನೂ ಹಿಂಜರಿಯುತ್ತೇವೆ.

ಇನ್ನೊಂದು ಎಚ್ಚರಿಕೆಯನ್ನು ವಕೀಲೆಯಾಗಿ ಹೇಳಲೇಬೇಕು. ಬಾಲ್ಯವಿವಾಹ ತಡೆದವರಲ್ಲಿ ಅನೇಕರು ಮಕ್ಕಳ ಸಹಾಯವಾಣಿ 1098ಕ್ಕೆ ಗುಟ್ಟಾಗಿ ಕರೆ ಮಾಡಿದವರು. ಅದನ್ನು ವೇದಿಕೆಯ ಮೇಲೆ ಓದಿದರೆ ಅವರು ಅದೇ ಊರಿನಲ್ಲಿ ನಾಳೆ ಬದುಕಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ, ಮಗುವಾಗಿದ್ದರೆ ಪೋಕ್ಸೊ ಕಾಯ್ದೆಯ 23ನೇ ಕಲಮಿನಡಿಯೂ ಅಪರಾಧ. ಸದುದ್ದೇಶದಿಂದ ಅಭಿನಂದನಾ ಪತ್ರದಲ್ಲಿ ಬರೆದೆವು ಎಂಬ ಸಮಜಾಯಿಷಿ ನ್ಯಾಯಾಲಯದಲ್ಲಿ ನಿಲ್ಲುತ್ತದೆಂದು ನಾನು ಯಾರಿಗೂ ಭರವಸೆ ಕೊಡಲಾರೆ. ಆದ್ದರಿಂದ ಗೌರವ ಪಡೆಯುವವರನ್ನು ಮೊದಲು ಕೇಳಿ, ಬರೆದದ್ದನ್ನು ಅವರಿಗೆ ಓದಿ ಹೇಳಿ.

ಕಳೆದ ವರ್ಷ ಚಿತ್ರದುರ್ಗ ಜಿಲ್ಲೆಯ ಗೊಲ್ಲರಹಟ್ಟಿಯೊಂದರ ಅಂಗನವಾಡಿ ಕಾರ್ಯಕರ್ತೆಯ ಕಡತವನ್ನು ಆಕೆಯ ತಮ್ಮ ತಂದಿದ್ದರು. ಪ್ಲಾಸ್ಟಿಕ್ ಹಾಳೆಗಳಲ್ಲಿ ತರಬೇತಿಯ ಪ್ರಮಾಣಪತ್ರಗಳು, ಅಧಿಕಾರಿಗಳ ಜೊತೆಗಿನ ಫೋಟೋಗಳು, ಪತ್ರಿಕಾ ತುಣುಕುಗಳು ಇದ್ದವು. ಆಕೆಯನ್ನೇ ಕರೆಸಿ, ನೀವು ಕೆಲಸಕ್ಕೆ ಸೇರುವ ಮೊದಲು ಹಟ್ಟಿಯಲ್ಲಿ ಏನಿತ್ತು, ಈಗ ಏನಿಲ್ಲ ಎಂದು ಕೇಳಿದೆ. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತ ಕುಳಿತಿದ್ದವರು, "ನನ್ನ ಸೊಸೆ ಕೂಸಿನ ಜೊತೆ ಮನೆಯೊಳಗೇ ಮಲಗಿದಳು ಮೇಡಂ, ಅಷ್ಟೇ" ಎಂದರು. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿ ಕೆಲವು ಹಟ್ಟಿಗಳಲ್ಲಿ ಇಂದಿಗೂ ಇದೆ ಎಂಬುದನ್ನು ಬಲ್ಲವರಿಗೆ ಆ ಒಂದು ಮಾತಿನ ತೂಕ ತಿಳಿಯುತ್ತದೆ. ಮಳೆಗಾಲದಲ್ಲಿ ಎಳೆಗೂಸನ್ನು ಗುಡಿಸಲಿಗೆ ಕಳುಹಿಸಲಾರೆ, ದೇವರು ಮುನಿದರೆ ನನ್ನ ಮೇಲೆ ಮುನಿಯಲಿ ಎಂದು ಹಿರಿಯರಿಗೆ ಹೇಳಿ, ನಡುಮನೆಯಲ್ಲಿ ತಾವೇ ಚಾಪೆ ಹಾಸಿ ಬಾಣಂತನ ಮಾಡಿದ್ದಾರೆ. ಮರುವರ್ಷ ಇನ್ನೆರಡು ಮನೆಯವರು ಹಾಗೆಯೇ ಮಾಡಿದರು. ತಂದಿದ್ದ ಕಡತದಲ್ಲಿ ಈ ವಿಷಯದ ಒಂದು ಸಾಲೂ ಇರಲಿಲ್ಲ.

ಹಳೆಯ ಕಡತವನ್ನು ಬದಿಗಿಟ್ಟು ಎರಡು ಪುಟಗಳಲ್ಲಿ ಇದನ್ನೇ ಬರೆದೆ. ಹಟ್ಟಿಯ ಹೆಸರು ಹಾಕಬೇಡಿ, ನಮ್ಮವರಿಗೆ ಅವಮಾನವಾದರೆ ಆ ಎರಡು ಮನೆಯವರು ಹಿಂದೆ ಸರಿದಾರು ಎಂದರು, ತೆಗೆದೆ. ಹಟ್ಟಿಯ ಯಜಮಾನರಿಗೆ ಮೊದಲು ತಾವೇ ಓದಿ ಹೇಳಿ ಬರುತ್ತೇನೆಂದು ಒಂದು ಪ್ರತಿಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಹೋಗಿದ್ದಾರೆ. ಅವರ ಒಪ್ಪಿಗೆ ಬರುವವರೆಗೂ ಅರ್ಜಿ ನನ್ನ ಮೇಜಿನ ಮೇಲೆಯೇ ಇರುತ್ತದೆ.